ಮೇಲಿನ ತಟ್ಟೆ ಮುಟ್ಟಿದ ವೆಂಕಟರತ್ನ

೧೯೮೪ರ ಜೂನ್ ತಿಂಗಳಿನಲ್ಲಿ ಆವನಿಯ ಶಾಲೆಯಿಂದ ನನಗೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಹೋದ ಮೊದಲನೆಯ ದಿನವೇ ಪ್ರಾರ್ಥನೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳು ತರಗತಿಗೊಂದರಂತೆ ಸಾಲಾಗಿ ನಿಂತಿದ್ದರು. ಆರನೆಯ ತರಗತಿಯ ಸಾಲಿನ ಮುಂದುಗಡೆ, ಜಡೆ ಮಡಿಸಿ ಕಟ್ಟಿದ ಒಂದು ಪುಟ್ಟ ಹುಡುಗಿ ಕೈಮುಗಿದುಕೊಂಡು ನಿಂತಿತ್ತು. ಸಾಲು ತಪ್ಪಿ ಬಂದಿದೆ ಎಂದುಕೊಂಡೆ.

“ಒಂದನೇ ಕ್ಲಾಸು ಆ ಕಡೆ ಕಣಮ್ಮಾ,” ಎಂದೆ.

ಆ ಹುಡುಗಿ ಮುಗಿದ ಕೈ ಬಿಡದೆ ತಲೆಯೆತ್ತಿ ನೋಡಿತು. “ನಾನು ಆರನೇ ಕ್ಲಾಸೇ ಸಾರ್. ನೀವು ಹೊಸಬ್ರಲ್ವಾ, ಗೊತ್ತಾಗಲ್ಲ. ನಾಳೆ ಹೊತ್ಗೆ ಗೊತ್ತಾಗುತ್ತೆ ಬಿಡಿ.”

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವರು ನಕ್ಕಿದ್ದು ಅವಳನ್ನು ನೋಡಿ ಅಲ್ಲ, ನನ್ನನ್ನು ನೋಡಿ. ನಾನೂ ನಕ್ಕೆ.

ಹಾಜರಿಯಲ್ಲಿ ಅವಳ ಹೆಸರು ವೆಂಕಟರತ್ನ. ಮನೆಯಲ್ಲಿ ರತ್ನ. ಊರಿನವರ ಬಾಯಲ್ಲಿ ಚಿಟ್ಟಿ. ನಮ್ಮ ಕಡೆಯ ತೆಲುಗಿನಲ್ಲಿ ಚಿಟ್ಟಿ ಎಂದರೆ ಪುಟ್ಟದು. ಚಿಟ್ಟಿ ಎಂದು ಯಾರು ಕೂಗಿದರೂ ಅವಳು ತಿರುಗಿ ನೋಡುತ್ತಿರಲಿಲ್ಲ. “ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ,” ಎಂದು ಗೋಡೆಗೆ ಹೇಳಿದಂತೆ ಹೇಳಿ ಮುಂದೆ ನಡೆಯುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ ಆರು ವರ್ಷದವಳಂತೆ ಕಾಣುತ್ತಿದ್ದಳು. ಆದರೆ ಮೈಕೈ ಎಲ್ಲ ಅಳತೆಗೆ ಸರಿಯಾಗಿತ್ತು, ಬುದ್ಧಿ ಚುರುಕು, ಬಾಯಿ ಅದಕ್ಕಿಂತ ಚುರುಕು.

ಅವಳ ತಂದೆ ಅಶ್ವತ್ಥಪ್ಪ, ತಾಯಿ ಬೈರಮ್ಮ. ಹಿಪ್ಪುನೇರಳೆ ತೋಟ, ಒಂದು ಬಾವಿ, ಪಂಪ್‌ಸೆಟ್ಟು, ಎರಡು ಹಸು. ಮನೆಯ ದೊಡ್ಡ ನಡುಮನೆಯೇ ಹುಳುಮನೆ. ಅಲ್ಲಿ ಮರದ ಚೌಕಟ್ಟಿನಲ್ಲಿ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಅವುಗಳಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಎಲ್ಲಕ್ಕಿಂತ ಮೇಲಿನ ತಟ್ಟೆ ಬೈರಮ್ಮನ ತಲೆಯಷ್ಟು ಎತ್ತರದಲ್ಲಿತ್ತು. ರತ್ನಳಿಗೆ ಕೆಳಗಿನ ತಟ್ಟೆಗಳು ಮಾತ್ರ ಎಟುಕುತ್ತಿದ್ದವು. ಮಿಕ್ಕದ್ದಕ್ಕೆ ಒಂದು ಮರದ ಸ್ಟೂಲು ಇಟ್ಟುಕೊಂಡಿದ್ದಳು. ಯಾವ ತಟ್ಟೆಯ ಹುಳು ಚೆನ್ನಾಗಿ ತಿನ್ನುತ್ತಿದೆ, ಯಾವುದು ಮಂಕಾಗಿದೆ ಎಂದು ಸೊಪ್ಪು ಕಡಿಯುವ ಸದ್ದಿನಲ್ಲೇ ಹೇಳುತ್ತೇನೆಂದು ನನ್ನ ಮುಂದೆ ಜಂಬ ಕೊಚ್ಚುತ್ತಿದ್ದಳು.

ಅವಳು ಏಳನೆಯ ತರಗತಿ ಮುಗಿಸಿ ಶ್ರೀನಿವಾಸಪುರದ ಹೈಸ್ಕೂಲಿಗೆ ಸೇರಿದ ವರ್ಷ ಒಂದು ಅವಘಡವಾಯಿತು. ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಕೊನೆಯ ಹಂತ. ಎಷ್ಟು ಸೊಪ್ಪು ಸುರಿದರೂ ಸಾಲದ ಹೊತ್ತು. ಅವಸರದಲ್ಲಿ ರತ್ನ ಸ್ಟೂಲಿನ ಮೇಲೆ ನಿಂತು ಮೇಲಿನ ತಟ್ಟೆ ಎಳೆದಳು. ಸ್ಟೂಲು ವಾಲಿತು. ಅವಳು, ತಟ್ಟೆ, ಹುಳು ಎಲ್ಲವೂ ನೆಲಕ್ಕೆ ಬಿದ್ದವು. ಕೆಳಗಿನ ಎರಡು ತಟ್ಟೆಗಳೂ ಜೊತೆಗೆ ಉರುಳಿದವು.

ಅಶ್ವತ್ಥಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಆಮೇಲೆ ಬೈರಮ್ಮ ಹೇಳಿದರು. “ಇನ್ಮೇಲೆ ಹುಳುಮನೆ ಒಳಗೆ ಬರ್ಬೇಡಮ್ಮ. ತೋಟದಲ್ಲಿ ಸೊಪ್ಪು ಕುಯ್ಕೊಂಡು ಬಾ, ಅಷ್ಟು ಸಾಕು,” ಎಂದರಂತೆ, ಅಷ್ಟೇ ಮೆಲ್ಲಗೆ. ಅಂದಿನಿಂದ ರತ್ನ ಹುಳುಮನೆಯ ಹೊಸ್ತಿಲು ದಾಟಲಿಲ್ಲ.

ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತಳು.

“ಸಾರ್, ಜನ ಯಾಕೆ ಬೆಳೀತಾರೆ?”

“ಊಟ ಮಾಡ್ತಾರೆ, ಬೆಳೀತಾರೆ.”

“ನಾನೂ ಮುದ್ದೆ ತಿಂತೀನಲ್ಲ ಸಾರ್. ನಮ್ಮಪ್ಪಂಗಿಂತ ಜಾಸ್ತಿನೇ ತಿಂತೀನಿ.”

ಅವಳೇ ಮುಂದುವರಿಸಿದಳು. “ನನಗೇನೂ ಉದ್ದ ಆಗೋದು ಬೇಡ ಸಾರ್. ಸ್ಟೂಲಿಲ್ದೆ ಮೇಲಿನ ತಟ್ಟೆಗೆ ಕೈ ಸಿಕ್ಕಿದ್ರೆ ಸಾಕು. ಅಪ್ಪ ಒಳಗೆ ಕರೀಬೇಕು, ಅಷ್ಟೇ.”

ಮಾರನೆಯ ವಾರ ನಾನೂ ಬೈರಮ್ಮನೂ ಅವಳನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಸ್ಸಿನ ಕಂಡಕ್ಟರ್ ಚನ್ನರಾಯಪ್ಪ ಊರಿಗೆಲ್ಲ ಬೇಕಾದ ಮನುಷ್ಯ, ಆದರೆ ನಾಲಗೆಗೆ ಬಿಗಿಯಿಲ್ಲ.

“ಏಮೇ ಚಿಟ್ಟೀ, ಎಲ್ಗೆ ಸವಾರಿ? ತಗೋ, ಹಾಫ್ ಟಿಕೆಟ್ಟು.”

“ಫುಲ್ ಕೊಡಿ. ನನಗೆ ಹದಿಮೂರು ತುಂಬಿದೆ.”

“ಅಯ್ಯೋ ಅಮ್ಮಾಯೀ, ಯಾರಾದ್ರೂ ಉಳಿಯೋ ಕಾಸು ಬ್ಯಾಡ ಅಂತಾರಾ?”

“ಕಾಸು ಉಳಿಸೋಕೆ ನನ್ನ ವಯಸ್ಸು ನಿಮಗ್ಯಾಕೆ ಅರ್ಧ ಕೊಡ್ಲಿ?”

“ಸುಮ್ನಿರೇ,” ಎಂದು ಬೈರಮ್ಮ ತೊಡೆ ಚಿವುಟಿದರು. ಬಸ್ಸೆಲ್ಲ ನಗುತ್ತಿತ್ತು. ಚನ್ನರಾಯಪ್ಪ ಹಾಫ್ ಟಿಕೆಟ್ಟನ್ನೇ ಹರಿದುಕೊಟ್ಟು ಮುಂದೆ ಹೋದ. ಅವಳು ಅದನ್ನು ಕೋಲಾರದವರೆಗೂ ಮುಷ್ಟಿಯಲ್ಲಿ ಹಿಸುಕಿಕೊಂಡೇ ಕುಳಿತಿದ್ದಳು.

ಕೋಲಾರದವರು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳುಹಿಸಿದರು. ಅಲ್ಲಿ ಗ್ರಂಥಿಗಳ ಕಾಯಿಲೆ ನೋಡುತ್ತಿದ್ದ ಡಾಕ್ಟರ್ ಕೋದಂಡರಾಮಪ್ಪನವರು ಮಾಲೂರಿನ ಕಡೆಯ ಒಕ್ಕಲು ಮನೆತನದವರು. ಹೊರದೇಶದಲ್ಲಿ ಓದಿ ಬಂದಿದ್ದರೂ ಮಾತು ಮಾತ್ರ ನಮ್ಮ ಸೀಮೆಯದೇ. ರತ್ನಳ ಕೈ ಎಲುಬಿನ ಎಕ್ಸ್‌ರೇ ತೆಗೆಸಿ ನೋಡಿ, ಎಲುಬು ಇನ್ನೂ ಎಳೆಯದಾಗಿಯೇ ಇದೆ, ಬೆಳೆಯುವ ಜಾಗ ಮುಚ್ಚಿಲ್ಲ ಎಂದರು. ಹೆರಿಗೆ ಹೇಗಾಯಿತೆಂದು ವಿಚಾರಿಸಿದರು. ಕಾಲು ಮೊದಲು ಬಂದು ಬಹಳ ಕಷ್ಟವಾಯಿತು ಎಂದು ಬೈರಮ್ಮ ಹೇಳಿದರು. ಡಾಕ್ಟರು ತಲೆಯಾಡಿಸಿದರು.

“ನೋಡಮ್ಮಾ, ಮಿದುಳಿನ ಕೆಳಗೆ ಅಲಸಂದೆ ಕಾಳಿನಷ್ಟು ಒಂದು ಗ್ರಂಥಿ ಇದೆ. ಮಕ್ಕಳು ಬೆಳೆಯೋ ಹಾರ್ಮೋನು ಅದರಲ್ಲೇ ತಯಾರಾಗೋದು. ಆದ್ರೆ ಅದು ತಾನಾಗೇ ಬಿಡಲ್ಲ. ಮೇಲಿನಿಂದ, ಮಿದುಳಿನಿಂದ ಅದಕ್ಕೊಂದು ಸೂಚನೆ ಬರ್ಬೇಕು. ನಿಮ್ಮ ಬಾವೀಲಿ ಪಂಪ್‌ಸೆಟ್ಟಿದೆಯಲ್ಲ, ನೀರು ಬರ್ಲಿಲ್ಲ ಅಂದ್ರೆ ಏನು ನೋಡ್ತೀರಿ?”

“ಕರೆಂಟು ಐತಾ ನೋಡ್ತೀವಿ. ಇಲ್ದಿದ್ರೆ ಮೋಟ್ರು ಸುಟ್ಟೋಗಿರ್ತೈತೆ.”

“ಇಲ್ಲೂ ಅದೇ. ಗ್ರಂಥಿ ಮೋಟ್ರು. ಆ ಸೂಚನೆ ಕರೆಂಟು. ಹುಟ್ಟುವಾಗ ಪೆಟ್ಟಾಗಿ ನಡುವಿನ ವೈರು ತುಂಡಾಗಿದ್ರೆ, ಮೋಟ್ರು ಚೆನ್ನಾಗಿದ್ರೂ ಓಡಲ್ಲ. ಈಗೊಂದು ಐದಾರು ವರ್ಷದ ಕೆಳಗೆ ವಿಜ್ಞಾನಿಗಳು ಆ ಸೂಚನೆ ಏನು ಅಂತ ಕಂಡುಹಿಡಿದಿದ್ದಾರೆ. ಅದು ಪೆಪ್ಟೈಡು ಅನ್ನೋ ಜಾತಿಯ ವಸ್ತು. ಅಮೈನೋ ಆಮ್ಲ ಅನ್ನೋ ಸಣ್ಣ ಸಣ್ಣ ತುಣುಕುಗಳು, ಹೂವು ಕಟ್ಟಿದ ಹಾಗೆ ಒಂದರ ಹಿಂದೆ ಒಂದು ಸೇರಿರ್ತವೆ. ಅದೇ ಕ್ರಮದಲ್ಲಿ ಪ್ರಯೋಗಶಾಲೆಯಲ್ಲಿ ಕಟ್ಟೋದನ್ನೂ ಕಲಿತಿದ್ದಾರೆ. ನಾವು ಅದನ್ನ ರಕ್ತಕ್ಕೆ ಕೊಟ್ಟು ನೋಡ್ತೀವಿ. ಗ್ರಂಥಿ ಹಾರ್ಮೋನು ಬಿಟ್ರೆ, ಮೋಟ್ರು ಚೆನ್ನಾಗಿದೆ ಅಂತ ಅರ್ಥ. ಅದೇ ಔಷಧವನ್ನ ದಿನಾ ಕೊಟ್ಟು ಬೆಳೆಸೋಕೆ ಪ್ರಯತ್ನ ಮಾಡಬಹುದು. ಹೊಸದು, ನಡೆದೇ ನಡೆಯುತ್ತೆ ಅಂತ ಹೇಳೋಕಾಗಲ್ಲ.”

“ಮೋಟ್ರು ಸುಟ್ಟಿದ್ರೆ?” ಎಂದು ಕೇಳಿದವಳು ರತ್ನ.

“ಆಗ ಕಷ್ಟ ಕಣಮ್ಮ,” ಎಂದರು ಡಾಕ್ಟರು. ಅವಳಿಗೆ ಸುಳ್ಳು ಹೇಳಲಿಲ್ಲ. ಬೆಳೆಯುವ ಹಾರ್ಮೋನನ್ನೇ ಹೊರಗಿನಿಂದ ತಂದು ಹಾಕುವ ಔಷಧ ನಮ್ಮಂಥವರ ಕೈಗೆ ಎಟುಕದ ಕಾಲ ಅದು.

ಪರೀಕ್ಷೆಗೆ ಉಪವಾಸ ಬರಬೇಕೆಂದು ಹೇಳಿ ದಿನ ಗೊತ್ತುಮಾಡಿದರು. ಶಾಲೆಯ ಪರೀಕ್ಷೆಗಳಿದ್ದುದರಿಂದ ಆ ದಿನ ನಾನು ಹೋಗಲಾಗಲಿಲ್ಲ; ತಾಯಿ ಮಗಳು ಇಬ್ಬರೇ ಹೋಗಿ ನೆಂಟರ ಮನೆಯಲ್ಲಿದ್ದು ಬೆಳಿಗ್ಗೆ ಆಸ್ಪತ್ರೆ ಸೇರಿದರು. ಸೂಜಿ ಹಾಕಿ, ನಡುನಡುವೆ ರಕ್ತ ತೆಗೆದು ಕಳುಹಿಸಿದರು. ಫಲಿತಾಂಶ ಬರಲು ಕೆಲವು ವಾರ ಹಿಡಿಯಿತು. ಗ್ರಂಥಿ ಏನೂ ಬಿಟ್ಟಿರಲಿಲ್ಲ.

ಸುದ್ದಿ ಕೇಳಿ ಅವರ ಮನೆಗೆ ಹೋದೆ. ಬೈರಮ್ಮ ಹುಳುಮನೆಯಲ್ಲಿದ್ದರು. ರತ್ನ ಹೊಸ್ತಿಲ ಹೊರಗೆ ಕುಳಿತಿದ್ದಳು. ತಟ್ಟೆಗಳನ್ನು ನೋಡುತ್ತ ನಿಂತೆ. ಹುಳುಗಳು ತಲೆಯೆತ್ತಿ ಕಲ್ಲಿನಂತೆ ಕುಳಿತಿದ್ದವು. ಒಂದೂ ಅಲುಗುತ್ತಿರಲಿಲ್ಲ.

“ಇವಕ್ಕೇನಾಯಿತು? ಕಾಯಿಲೆಯೇ?” ಎಂದೆ.

“ಜ್ವರಕ್ಕೆ ಕೂತಿದಾವೆ ಸಾರ್,” ಎಂದಳು ರತ್ನ. “ಕಾಯಿಲೆ ಅಲ್ಲ. ಹಳೇ ಚರ್ಮ ಬಿಟ್ಟು ದೊಡ್ಡದಾಗೋ ಮುಂಚೆ ಹಿಂಗೆ ಕೂತ್ಕೊಳ್ತವೆ. ಅದಕ್ಕೇ ನಾವು ಜ್ವರ ಅಂತೀವಿ. ಇವಾಗ ಸೊಪ್ಪು ಹಾಕ್ಬಾರ್ದು. ಹಾಕಿದ್ರೆ ಕೆಟ್ಟೋಗ್ತವೆ.”

ತಟ್ಟೆಯ ಅಂಚಿನಲ್ಲಿ ಒಂದೆರಡು ಬಾಡಿದ ಎಲೆ ಕಂಡವು. “ಇದಿದೆಯಲ್ಲ?”

“ಅಮ್ಮಾ, ಅದನ್ನ ತೆಗಿ!” ಎಂದು ಕೂಗಿದಳು. “ಬಾಡಿದ್ರೂ ಎಲೆ ಎಲೆನೇ ಅಲ್ವಾ ಸಾರ್. ಬಾಡಿದ್ದಕ್ಕೆ ಲೆಕ್ಕ ಇಲ್ಲ ಅಂತ ಹುಳಕ್ಕೆ ಗೊತ್ತಾ...”

ಅಲ್ಲಿಗೆ ನಿಲ್ಲಿಸಿದಳು. ಮುಖ ಬೇರೆಯಾಯಿತು.

“ಅಮ್ಮಾ. ಆವತ್ತು ಬೆಳಿಗ್ಗೆ ನೀನು ನನಗೆ ಹುರಿಹಿಟ್ಟು ಕಲಸಿಕೊಟ್ಯಲ್ಲ.”

“ಹೂಂ. ಹಾಲು ಬೆಲ್ಲ ಹಾಕಿ ಕೊಟ್ಟೆ. ಅಷ್ಟು ಸೂಜಿ ಚುಚ್ತಾರೆ, ತಲೆ ಸುತ್ತಿ ಬಿದ್ದುಗಿದ್ದೀಯಾ ಅಂತ.”

“ಡಾಕ್ಟ್ರು ಉಪವಾಸ ಅಂದಿದ್ರು.”

“ಉಪವಾಸನೇ ಅಲ್ವೇನೇ? ಮುಸುರೆ ಮುಟ್ಸಿಲ್ಲ ನಾನು ನಿನಗೆ. ಊಟ ಮಾಡಿದ್ದೀಯಾ ಅಂದ್ರು, ಇಲ್ಲ ಸಾರ್ ಅಂದೆ. ನಿಜ ತಾನೇ ಹೇಳಿದ್ದು?”

ಬೈರಮ್ಮ ಹೇಳಿದ್ದು ನಿಜವೇ. ನಮ್ಮ ಕಡೆ ಶನಿವಾರ ಒಪ್ಪತ್ತು ಇರುವವರು ಬೇಯಿಸಿದ ಅನ್ನ ಮುದ್ದೆಯನ್ನು ಮುಸುರೆಯೆಂದು ಮುಟ್ಟುವುದಿಲ್ಲ. ಹುರಿದ ರಾಗಿಯ ಹಿಟ್ಟಿಗೆ ಬೆಲ್ಲ ಕಲಸಿ ತಿಂದರೆ ಉಪವಾಸಕ್ಕೆ ಭಂಗವೆಂದು ಯಾರೂ ಎಣಿಸುವುದಿಲ್ಲ. ನನ್ನ ತಾಯಿಯೂ ಜೀವಮಾನವೆಲ್ಲ ಹಾಗೆಯೇ ಉಪವಾಸ ಮಾಡಿದವರು.

“ಹುರಿದ್ರೂ ಹಿಟ್ಟು ಹಿಟ್ಟೇ ಅಲ್ವಾ ಅಮ್ಮಾ?” ಎಂದಳು ರತ್ನ. “ಜ್ವರಕ್ಕೆ ಕೂತಿರೋ ಹುಳಕ್ಕೆ ಸೊಪ್ಪು ಹಾಕ್ಬಿಟ್ಟೆ ನೀನು.”

ಬೈರಮ್ಮ ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ಚೌಕಟ್ಟಿಗೆ ಒರಗಿ ನಿಂತುಬಿಟ್ಟರು. “ಅಯ್ಯೋ ನನ್ನ ಕೈಯಾರೆ ಕೆಡಿಸಿದೆನಲ್ಲಪ್ಪೋ!” ರತ್ನ ಮಾತ್ರ ಆಗಲೇ ಎದ್ದು ನಿಂತು ಲಂಗ ಕೊಡವುತ್ತಿದ್ದಳು. “ಅಳ್ಬೇಡ ಕಣಮ್ಮಾ. ಮೋಟ್ರು ಸುಟ್ಟೇ ಇಲ್ದಿರಬಹುದು. ಬೆಂಗಳೂರಿಗೆ ಹೋಗೋಣ ನಡಿ.”

ಮರುದಿನವೇ ಹೊರಟೆವು. ಡಾಕ್ಟರ್ ಕೋದಂಡರಾಮಪ್ಪನವರು ಬೈರಮ್ಮನ ಮಾತು ಪೂರ್ತಿ ಕೇಳಿ, ಕನ್ನಡಕ ತೆಗೆದು ಹಣೆ ಹಣೆ ಚಚ್ಚಿಕೊಂಡರು.

“ಹುರಿಹಿಟ್ಟು! ಬೆಲ್ಲ ಹಾಕಿ! ನಮ್ಮಮ್ಮನೂ ಶನಿವಾರ ಅದನ್ನೇ ತಿಂದು ಉಪವಾಸ ಅಂತಿದ್ರು ಕಣಮ್ಮಾ. ಊಟ ಮಾಡಿದ್ದೀಯಾ ಅಂತ ಕೇಳಿದೆ ಹೊರತು, ಬಾಯಿಗೆ ಏನಾದ್ರೂ ಹಾಕ್ಕೊಂಡ್ಯಾ ಅಂತ ಕೇಳ್ಲಿಲ್ಲ. ಮಾಲೂರಿನವನಾಗಿ ನನಗೆ ಹೊಳೀಬೇಕಾಗಿತ್ತು.” ಆಮೇಲೆ ನನ್ನ ಕಡೆ ತಿರುಗಿ ವಿವರಿಸಿದರು. ಬೆಲ್ಲ ತಿಂದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ; ಸಕ್ಕರೆ ಏರಿದಾಗ ಆ ಗ್ರಂಥಿ ಸೂಚನೆ ಬಂದರೂ ಸುಮ್ಮನೆ ಕುಳಿತುಬಿಡುವುದುಂಟು. “ಸುಟ್ಟಿದ್ಯೋ ಇಲ್ವೋ ಈಗ್ಲೂ ಗೊತ್ತಿಲ್ಲ ಮೇಷ್ಟ್ರೇ. ಗೊತ್ತಿಲ್ಲ ಅನ್ನೋದೇ ಒಳ್ಳೇ ಸುದ್ದಿ ಅಂದ್ಕೊಳ್ಳಿ. ಔಷಧ ಹೊರದೇಶದಿಂದ ಬರ್ಬೇಕು. ಬಂದ ಕೂಡ್ಲೇ ಹೇಳಿ ಕಳಿಸ್ತೀನಿ.”

ಮಾವಿನ ಸುಗ್ಗಿಯೆಲ್ಲ ಕಾದೆವು. ಶ್ರೀನಿವಾಸಪುರದ ಮಂಡಿಗಳಲ್ಲಿ ಹಣ್ಣಿನ ಲಾರಿಗಳು ಖಾಲಿಯಾಗಿ, ಮಳೆ ಬಿದ್ದು, ರಾಗಿ ಬಿತ್ತಿದ ಮೇಲೆ ಕರೆ ಬಂತು. ಈ ಸಲ ನಾನೂ ಜೊತೆಗೆ ಹೋದೆ. ಮಗಳೊಂದಿಗೆ ತಾಯಿಯೂ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

“ನಿನಗ್ಯಾಕಮ್ಮಾ ಉಪವಾಸ? ಸೂಜಿ ನನಗೆ.”

“ನಿನ್ನ ಕಂಡ್ರೆ ನನ್ನ ಕೈ ಸುಮ್ನಿರಲ್ಲ ಕಣೇ. ನಾನೂ ಹಸ್ಕೊಂಡಿದ್ರೆ ಜ್ಞಾಪಕ ಇರುತ್ತೆ.”

ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ರತ್ನಳ ಮುಖ ಕೆಂಪಾಗಿ ಬಿಸಿಯಾಯಿತು. ಬೈರಮ್ಮ ಗಾಬರಿಯಾದರು. ಔಷಧದ ಗುಣ, ಇಳಿಯುತ್ತದೆ ಎಂದರು ನರ್ಸಮ್ಮ. “ಜ್ವರಕ್ಕೆ ಕೂತೆ ಸಾರ್,” ಎಂದು ರತ್ನ ನನ್ನತ್ತ ನೋಡಿ ನಕ್ಕಳು.

ಫಲಿತಾಂಶ ಕೇಳಲು ಅಶ್ವತ್ಥಪ್ಪನೂ ಬಂದಿದ್ದರು. ಡಾಕ್ಟರು ಕಾಗದ ನೋಡಿದರು, ನಮ್ಮನ್ನು ನೋಡಿದರು. ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ.

“ನೀರು ಬಂತು ಕಣಯ್ಯಾ ಅಶ್ವತ್ಥಪ್ಪ! ಕಾಲುವೆ ತುಂಬ ಬಂತು. ಮೋಟ್ರು ಚೆನ್ನಾಗಿದೆ. ಇಷ್ಟು ವರ್ಷ ಕರೆಂಟು ಇರ್ಲಿಲ್ಲ, ಅಷ್ಟೇ!”

ಅಶ್ವತ್ಥಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೊರಗೆ ಬಂದು, ಹೋಟೆಲಿನಲ್ಲಿ ನಮಗೆಲ್ಲ ಮಸಾಲೆದೋಸೆ ಕೊಡಿಸಿದರು. ಬೈರಮ್ಮ ಎರಡು ತಿಂದರು.

ಚಿಕಿತ್ಸೆ ಆರಂಭವಾಯಿತು. ಹೊಸ ಔಷಧದ ಪ್ರಯೋಗವಾದ್ದರಿಂದ ಆಸ್ಪತ್ರೆಯವರು ದುಡ್ಡು ಕೇಳಲಿಲ್ಲ. ದಿನವೂ ಮಲಗುವ ಮುಂಚೆ ಚರ್ಮದ ಅಡಿಗೆ ಸಣ್ಣದೊಂದು ಸೂಜಿ. ಹಾಕಿಕೊಳ್ಳುವುದನ್ನು ರತ್ನ ತಾನೇ ಕಲಿತಳು. ತೊಡಕಾದದ್ದು ಔಷಧವನ್ನು ತಂಪಿನಲ್ಲಿಡುವುದು. ನಮ್ಮ ಹಳ್ಳಿಯಲ್ಲಿ ಆಗ ಫ್ರಿಜ್ ಯಾರ ಮನೆಯಲ್ಲಿಯೂ ಇರಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅಶ್ವತ್ಥಪ್ಪನೇ ದಾರಿ ತೋರಿಸಿದರು. ರೇಷ್ಮೆಹುಳುವಿನ ಮೊಟ್ಟೆಗಳನ್ನು ಹೊತ್ತಿಗೆ ಮುಂಚೆ ಒಡೆಯದಂತೆ ತಣ್ಣಗಿಡುವ ಬಿತ್ತನೆ ಕೋಠಿ ಪೇಟೆಯಲ್ಲಿತ್ತಲ್ಲ! ಅಲ್ಲಿ ಕೆಲಸಕ್ಕಿದ್ದ ಮುನಿಯಲ್ಲಪ್ಪ ಅವರಿಗೆ ಪರಿಚಯ. ಮೇಲಿನವರ ಅಪ್ಪಣೆ ಪಡೆದು, ಮೊಟ್ಟೆಗಳ ಪಕ್ಕದಲ್ಲಿಯೇ ರತ್ನಳ ಔಷಧದ ಸೀಸೆಗಳಿಗೂ ಜಾಗ ಮಾಡಿಕೊಟ್ಟ. ಹೈಸ್ಕೂಲು ಬಿಟ್ಟ ಮೇಲೆ ಅವಳು ಅಲ್ಲಿಗೆ ಹೋಗಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು ತುಂಬಿಸಿಕೊಂಡು ಸೀಸೆ ತರುತ್ತಿದ್ದಳು.

“ಬಾರಮ್ಮಾ,” ಎನ್ನುತ್ತಿದ್ದ ಮುನಿಯಲ್ಲಪ್ಪ. “ಮೊಟ್ಟೆ ಒಡೆಯೋದು ಮುಂಚೆನಾ, ನೀನು ಬೆಳೆಯೋದು ಮುಂಚೆನಾ ನೋಡೇಬಿಡಾನ.”

“ನಿಮ್ಮ ಮೊಟ್ಟೆಗೆ ಹುಷಾರು ಹೇಳಿ ಮುನಿಯಲ್ಲಪ್ಪಣ್ಣ. ನಾನು ಬಿಡೋಳಲ್ಲ.”

ಬೆಳೆಯುವುದು ಕಣ್ಣಿಗೆ ಕಾಣುವಂಥದಲ್ಲ. ಮೊದಲು ಕಂಡದ್ದು ಲಂಗದಲ್ಲಿ. ಹೆಣ್ಣುಮಕ್ಕಳು ಬೆಳೆದಾಗ ಬಿಚ್ಚಿ ಉದ್ದ ಮಾಡಲೆಂದು ಲಂಗದ ಕೆಳಗೆ ಒಂದೆರಡು ಪಟ್ಟಿ ಮಡಿಸಿ ಹೊಲಿಸುವುದು ವಾಡಿಕೆ. ಬೈರಮ್ಮ ಪ್ರತಿ ಯುಗಾದಿಗೂ ಹಾಗೆ ಹೊಲಿಸುತ್ತಿದ್ದರು. ಬಟ್ಟೆ ಸವೆದು ಹರಿಯುತ್ತಿತ್ತೇ ಹೊರತು ಮಡಿಕೆ ಬಿಚ್ಚುವ ಪ್ರಸಂಗ ಒಂದು ಸಲವೂ ಬಂದಿರಲಿಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅವರು ನಮ್ಮ ಮನೆಗೆ ಓಡಿಬಂದರು. ಕೈಯಲ್ಲಿ ಹಸಿರು ಲಂಗ, ಬಾಯಲ್ಲಿ ದಾರದ ತುಂಡು.

“ಬಿಚ್ದೆ ಮೇಷ್ಟ್ರೇ! ಒಂದು ಮಡಿಕೆ ಬಿಚ್ದೆ! ನೋಡಿ, ಒಳಗಿನ ಬಣ್ಣ ಇನ್ನೂ ಹೊಸದು!”

ನನ್ನ ಹೆಂಡತಿ ಒಳಗಿನಿಂದ ಕುಂಕುಮ ತಂದು ಅವರ ಹಣೆಗೆ ಇಟ್ಟಳು.

ವರ್ಷ ತುಂಬುವಷ್ಟರಲ್ಲಿ ರತ್ನ ನಾಲ್ಕು ಬೆರಳಿಗೂ ಮೇಲೆ ಬೆಳೆದಿದ್ದಳು. ಎರಡನೆಯ ಮಡಿಕೆಯೂ ಬಿಚ್ಚಿತು. ಆಮೇಲೆ ಲಂಗವೇ ಗಿಡ್ಡವಾಗಿ ಹೊಸದು ಹೊಲಿಸಬೇಕಾಯಿತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಚನ್ನರಾಯಪ್ಪ ಟಿಕೆಟ್ಟು ಹರಿಯಲು ಹೋಗಿ ತಡೆದು, ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

“ಎಲ್ಲಿಗಮ್ಮಾ ಟಿಕೆಟ್ಟು?”

“ಕೋಲಾರ.”

ಫುಲ್ ಟಿಕೆಟ್ಟು ಹರಿದುಕೊಟ್ಟ. ಚಿಟ್ಟಿ ಎನ್ನಲಿಲ್ಲ. ರತ್ನ ಚಿಲ್ಲರೆ ಕೊಡುತ್ತ, “ಹಾಫ್ ಇಲ್ವಾ ಚನ್ನರಾಯಪ್ಪಣ್ಣ? ಉಳಿಯೋ ಕಾಸು ಯಾರಿಗೆ ಬ್ಯಾಡ?” ಎಂದಳು. ಈ ಸಲ ಬಸ್ಸು ನಕ್ಕಿದ್ದು ಅವನನ್ನು ನೋಡಿ.

೧೯೮೯ರ ಕೊನೆಯಲ್ಲಿ, ಹುಳು ಹಣ್ಣಾಗುವ ಮುಂಚಿನ ಅದೇ ಅವಸರದ ಹೊತ್ತಿನಲ್ಲಿ, ನಾನು ಅವರ ಮನೆಗೆ ಹೋಗಿದ್ದೆ. ಹುಳುಮನೆಯಲ್ಲಿ ಸೊಪ್ಪು ಕಡಿಯುವ ಸದ್ದು ಜೋರು ಮಳೆಯಂತಿತ್ತು. ರತ್ನ ತೋಟದಿಂದ ಸೊಪ್ಪಿನ ಹೊರೆ ತಂದು ಎಂದಿನಂತೆ ಹೊಸ್ತಿಲ ಹೊರಗೆ ಇಳಿಸಿದಳು. ಅಶ್ವತ್ಥಪ್ಪ ಒಳಗಿನಿಂದ ಬಂದರು. ಹೊರೆಯನ್ನು ಎತ್ತಿಕೊಳ್ಳಲಿಲ್ಲ.

“ರತ್ನಾ, ನೀನೇ ತಗೊಂಡು ಒಳಗೆ ಬಾರಮ್ಮ. ಮೇಲಿನ ತಟ್ಟೆ ಹಸ್ಕೊಂಡಿದೆ.”

ಅವಳು ತಂದೆಯ ಮುಖವನ್ನೇ ನೋಡಿದಳು. ಕಾಲು ತೊಳೆದುಕೊಂಡು ಹೊಸ್ತಿಲು ದಾಟಿದಳು. ತುದಿಗಾಲಲ್ಲಿ ನಿಂತು ಎರಡು ಕೈಯಲ್ಲಿ ಸೊಪ್ಪು ಹಿಡಿದು ಮೇಲಕ್ಕೆತ್ತಿದಳು. ಕೈ ಸಿಕ್ಕಿತು. ಎಲೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಮವಾಗಿ ಹರಡಿದಳು. ಒಂದು ಹುಳುವೂ ಕೆಳಗೆ ಬೀಳಲಿಲ್ಲ. ಆಮೇಲೆ ಕಿವಿಗೊಟ್ಟು ಸ್ವಲ್ಪ ಹೊತ್ತು ನಿಂತು, “ತಿಂತಿದಾವೆ ಅಪ್ಪಾ,” ಎಂದಳು.

ಚಿಕಿತ್ಸೆ ಇನ್ನೂ ಕೆಲವು ಕಾಲ ನಡೆಯಿತು. ಐದು ಅಡಿಗೆ ಒಂದು ಬೆರಳು ಕಡಿಮೆಯಲ್ಲಿ ಅವಳ ಬೆಳವಣಿಗೆ ನಿಂತಿತು. ಮೇಲಿನ ತಟ್ಟೆಗೆ ತುದಿಗಾಲು ಬೇಕಾಗದಂತಾದ ಮೇಲೆ ಎತ್ತರದ ಲೆಕ್ಕವನ್ನು ಅವಳು ಬಿಟ್ಟುಬಿಟ್ಟಳು.

ಈಗ ವೆಂಕಟರತ್ನಮ್ಮ ಅದೇ ಊರಿನಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದಾಳೆ. ಮೊಟ್ಟೆಯೊಡೆದ ಎಳೆ ಹುಳುಗಳನ್ನು ಎರಡನೆಯ ಜ್ವರದವರೆಗೆ ಸಾಕಿ, ಸುತ್ತಲಿನ ರೈತರಿಗೆ ಕೊಡುವ ಕೆಲಸ ಅದು. ಮುಳಬಾಗಿಲಿನಿಂದಲೂ ವೇಮಗಲ್‌ನಿಂದಲೂ ಜನ ಬರುತ್ತಾರೆ. ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳನ್ನು ಕರೆದುಕೊಂಡು ತಾಯಂದಿರೂ ಬರುವುದುಂಟು. ಅಂಥವರನ್ನು ಅವಳು ತಾನೇ ಬೆಂಗಳೂರಿಗೆ ಕರೆದೊಯ್ಯುತ್ತಾಳೆ.

ಹೋದ ತಿಂಗಳು ನೋಡಲು ಹೋಗಿದ್ದೆ. ಮರುದಿನ ಪರೀಕ್ಷೆಗೆ ಹೊರಡಬೇಕಾದ ಒಂದು ಮಗುವಿನ ತಾಯಿಗೆ ತಟ್ಟೆಗಳ ನಡುವೆ ನಿಂತೇ ಹೇಳುತ್ತಿದ್ದಳು: “ನೀರು ಬಿಟ್ಟು ಏನೂ ಇಲ್ಲ ಕಣಮ್ಮಾ. ಹಣ್ಣಿಲ್ಲ, ಹಾಲಿಲ್ಲ, ಹುರಿಹಿಟ್ಟಂತೂ ಕೂಡ್ದೇ ಕೂಡ್ದು.” ಮಾತಾಡುತ್ತಲೇ ಕೈ ಮೇಲಿನ ತಟ್ಟೆಗೆ ಸಣ್ಣಗೆ ಹೆಚ್ಚಿದ ಸೊಪ್ಪು ಹರಡುತ್ತಿತ್ತು. ನನ್ನನ್ನು ಕಂಡು, ಮೂಲೆಯಲ್ಲಿದ್ದ ಹಳೆಯ ಮರದ ಸ್ಟೂಲನ್ನು ಕಾಲಿನಿಂದಲೇ ನನ್ನ ಕಡೆಗೆ ಸರಿಸಿದಳು.

“ಕೂತ್ಕೊಳ್ಳಿ ಸಾರ್. ಇದೊಂದು ಸಾಲು ಮುಗಿಸಿ ಬಂದೆ.”